ನಮ್ಮ ಸಾಲೆಯ ಟಾಕಿ ನೀರು

ಪಾಠ ಹೇಳುವುದು ಸುಲಭ, ಪಾಠ ತಿಳಿದ ಮಕ್ಕಳನ್ನು ಸಂಭಾಳಿಸುವುದೇ ಕಷ್ಟ. ಹುಮನಾಬಾದಿನಿಂದ ಬಸ್ಸು ಹಿಡಿದು ಬಸವಕಲ್ಯಾಣದ ಕಡೆಯ ಹಳ್ಳಿಯೊಂದಕ್ಕೆ ವಿಜ್ಞಾನ ಕಲಿಸಲು ಹೋಗುವ ನನಗೆ, ಸೂಕ್ಷ್ಮಜೀವಿಗಳ ಪಾಠ ಬಂದಾಗಲೆಲ್ಲ ಇಂಥದ್ದು ಏನಾದರೊಂದು ಆಗಿಯೇ ಆಗುತ್ತದೆ. ಈ ವರ್ಷ ನನಗಿದ್ದದ್ದು ಒಂದೇ ಹಟ: ಸಾಲೆಯ ನೀರಿನ ಟಾಕಿ ತೊಳೆಸಬೇಕು. ಆ ನೀರು ಕುಡಿದು ಮಕ್ಕಳಿಗೆ ಮೇಲಿಂದ ಮೇಲೆ ವಾಂತಿ, ಭೇದಿ. ಕೇಳಿದಾಗಲೆಲ್ಲ ಮುಖ್ಯಗುರುಗಳು "ನೋಡೋಣ್ರಿ" ಅನ್ನುತ್ತಿದ್ದರು.

ಮೊಸರು

ಹಾಲು ಮೊಸರಾಗುವುದು ಕಣ್ಣಿಗೆ ಕಾಣದ ಜೀವಿಗಳಿಂದ ಎಂದು ಹೇಳಿಕೊಟ್ಟೆ. ಮರುದಿನ ಒಬ್ಬ ಹುಡುಗಿಯ ಅಜ್ಜಿ ಸಾಲೆಗೇ ಬಂದರು.

"ಹುಟ್ಟಿದಾಗಿಂದ ಮಾಂಸ ಮುಟ್ಟಿದಾಕಿ ಅಲ್ಲ ನಾ. ಮೊಸರಾಗ ಜೀವ ಅದಾವ ಅಂತ ಹೇಳೀರಂತ, ಖರೇನ?"

"ಖರೇ ಆಯಿ, ಆದ್ರ ಅವು ಒಳ್ಳೇವು. ಹೊಟ್ಟಿಗಿ ಹೋದ ಮ್ಯಾಲ ಬಹಳಷ್ಟು ಸತ್ತೂ ಹೋಗ್ತಾವ."

ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡರು. "ಅಂದ್ರ ಕೊಂದ ಪಾಪನೂ ನಂದೇ ಅಂತೀರೇನು?"

ಸಾಬೂನು

ಊಟಕ್ಕೆ ಮುಂಚೆ ಸಾಬೂನಿನಿಂದ ಕೈ ತೊಳೆಯಬೇಕು ಎಂದು ಕಲಿಸಿದೆ. ಸಾಬೂನು ಮಾತ್ರ ಮುಖ್ಯಗುರುಗಳ ಅಲಮಾರಿಯಲ್ಲಿ ಭದ್ರವಾಗಿತ್ತು. ತಪಾಸಣೆಗೆ ಸಾಹೇಬರು ಬಂದ ದಿನ ಹೊರಗೆ ಬಂತು.

ಸಾಹೇಬರು ಆ ಅಜ್ಜಿಯ ಮೊಮ್ಮಗಳನ್ನೇ ಕೇಳಿದರು, "ಸಾಬೂನು ಹಚ್ಚಿ ಕೈ ಯಾವಾಗ ತೊಳೀಬೇಕು?"

"ನೀವು ಬಂದಾಗ್ರಿ."

ದುರ್ಬೀನು

ಕೊನೆಗೂ ಸಾಲೆಗೆ ಸೂಕ್ಷ್ಮದರ್ಶಕ ಬಂತು. ಊರವರ ಬಾಯಲ್ಲಿ ಅದು ದುರ್ಬೀನು. ಟಾಕಿ ನೀರಿನ ಒಂದು ಹನಿ ಇಟ್ಟು ಮಕ್ಕಳಿಗೆ ತೋರಿಸಿದೆ. ಅದರೊಳಗೆ ಏನೇನೋ ಸರಸರ ಓಡಾಡುತ್ತಿತ್ತು. ಅದೇ ಹುಡುಗಿ ಓಡಿಹೋಗಿ ಮುಖ್ಯಗುರುಗಳನ್ನೇ ಕರೆತಂದಳು. ಅವರು ಇಣುಕಿ ನೋಡಿ ಬೆವರಿದರು.

"ಅಯ್ಯೋ ಮೇಡಂ, ನಾನೂ ಇದೇ ನೀರು ಕುಡ್ಯಾಕತ್ತೀನಲ್ರಿ!"

ಅಂತೂ ಕೆಲಸ ಆಯಿತು ಅಂದುಕೊಂಡೆ.

ಮರುದಿನ ಅವರ ಕೋಣೆಗೆ ಫಿಲ್ಟರ್ ನೀರಿನ ಕ್ಯಾನ್ ಬಂತು. ಮಕ್ಕಳು ಎಂದಿನಂತೆ ಟಾಕಿಯ ನಲ್ಲಿಗೆ ಬಾಯಿ ಹಚ್ಚಿದ್ದರು. ಸೂಕ್ಷ್ಮದರ್ಶಕ ಹಿಡಿದುಕೊಂಡೇ ಅವರ ಕೋಣೆಗೆ ಹೋದೆ. "ಟಾಕಿ ಯಾವಾಗ ತೊಳಸ್ತೀರಿ ಸರ್? ಹುಡುಗ್ರು ಅದೇ ಹುಳದ ನೀರು ಕುಡ್ಯಾಕತ್ತಾರ" ಎಂದೆ.

ಅವರು ಎದ್ದು ಸೂಕ್ಷ್ಮದರ್ಶಕವನ್ನು ಅಲಮಾರಿಯಲ್ಲಿ ಸಾಬೂನಿನ ಪಕ್ಕಕ್ಕೆ ಇಟ್ಟು ಬೀಗ ಜಡಿದರು.

"ಈ ದುರ್ಬೀನ್ ಬರೋತನಕ ನಮ್ಮ ನೀರಾಗ ಒಂದು ಹುಳ ಇದ್ದಿದ್ದಿಲ್ಲ ನೋಡ್ರಿ ಮೇಡಂ."