ಕಾದಂಬರಿಯ ನಡುವಿಗೆ ಕೈ ಹಾಕಿದ ಮಾವ

ಪುಸ್ತಕ ಆರಿಸಲು ಹೋದ ನಮ್ಮ ಸೋದರಮಾವ ಅದರ ಮೊದಲ ಪುಟ ನೋಡಿದ್ದನ್ನು ಕಂಡವರಿದ್ದರೆ ಹೇಳಿ, ಅವರಿಗೆ ನನ್ನ ಕಡೆಯಿಂದ ಒಂದು ಪ್ಲೇಟು ಗಿರ್ಮಿಟ್! ಹಾಗಿದ್ದೂ ಬೆಟಗೇರಿಯ ನಮ್ಮ ಓದುಗರ ಬಳಗಕ್ಕೆ ಅವರೇ ಅಧ್ಯಕ್ಷರು. ಯಾರು ಮಾಡಿದರು ಅಂತ ಕೇಳಬೇಡಿ. ಕೂಡುವುದು ಅವರ ಅಡತಿ ಅಂಗಡಿಯಲ್ಲಿ, ಕುಡಿಯುವುದು ಅವರ ಚಹಾ. ಮತ್ತಿನ್ಯಾರು ಆಗಬೇಕು?

ಶೇಂಗಾ ವ್ಯಾಪಾರ ಅವರದು. ಚೀಲದ ಬಾಯಲ್ಲಿರುವ ಕಾಯನ್ನು ಅವರು ಜನ್ಮದಲ್ಲಿ ನಂಬಿದವರಲ್ಲ. ಮೊಣಕೈವರೆಗೆ ಕೈ ತೂರಿಸಿ, ನಡುವಿನ ಮಾಲು ತೆಗೆದು, ಒಡೆದು ಬಾಯಿಗೆ ಹಾಕಿಕೊಂಡ ಮೇಲೇ ದರದ ಮಾತು. ಪುಸ್ತಕಕ್ಕೂ ಅದೇ ಕಾನೂನು! ನಟ್ಟನಡುವೆ ತೆರೆದು ಎರಡು ಪುಟ ಓದಿ ತೀರ್ಪು ಕೊಡುವರು. "ಮ್ಯಾಲಿನ ಮಾಲು ಎಲ್ಲಾರೂ ಚಲೋನ ಇಡ್ತಾರ್ರಿ" ಎನ್ನುವರು.

ನಮ್ಮ ಅವಳಿ ಊರು ಗದಗ ಜಿಲ್ಲೆಯಾದ ಹೊಸತು ಅದು. ಬಳಗದ ಟೇಲರ್ ಮೌಲಾಸಾಬರು, ಮಾವನ ಬಾಲ್ಯದ ಗೆಳೆಯರು, ಒಂದು ಭಾನುವಾರ ಎದೆ ಸವರಿಕೊಳ್ಳುತ್ತ ಹೇಳಿದರು: "ಬರೋ ತಿಂಗಳು ಹುಬ್ಬಳ್ಯಾಗ ನನ್ನ ಹಾರ್ಟ್ ಆಪರೇಶನ್ ಐತಿ. ಅದಕ್ಕೂ ಮೊದಲ ಒಂದು ವಿಜ್ಞಾನ ಕಾದಂಬರಿ ಓದೋಣು. ಚಂದ್ರ, ಮಂಗಳ ಎಲ್ಲಾ ಒಮ್ಮೆ ಅಡ್ಡಾಡಿ ಬರಬೇಕಂತ ಆಸೆ ಐತಿ."

ಮಾವ ತಕ್ಷಣ, "ಆತು! ಊರು ಜಿಲ್ಲಾ ಆತು, ಇನ್ನ ನಮ್ಮ ಓದು ಭೂಮಿ ಬಿಡಲಿಲ್ಲಂದ್ರ ಹೆಂಗ?" ಎಂದು ಚಹಾ ತರಿಸಿದರು.

ಆ ವಾರವೇ ನನ್ನನ್ನೂ ಕಟ್ಟಿಕೊಂಡು ಗ್ರಂಥಾಲಯಕ್ಕೆ ಹೊರಟಿತು ಸವಾರಿ. ಮೊದಲ ಕಾದಂಬರಿಯ ನಡುವಿಗೆ ಕೈ ಹಾಕಿದರೆ ಬರೀ ಲೆಕ್ಕ, ಸೂತ್ರ! "ಇದು ಕಾದಂಬರಿ ಅಲ್ಲ, ಗಣಿತದ ಪೇಪರ್" ಎಂದು ಸರಿಸಿದರು. ಇನ್ನೊಂದರ ನಡುವೆ ಮಂಗಳಗ್ರಹದಲ್ಲಿ ನಾಯಕ ಊಟಕ್ಕೆ ಗುಳಿಗೆ ನುಂಗುತ್ತಿದ್ದ. "ಜ್ವಾಳದ ರೊಟ್ಟಿ ಇಲ್ಲದ ಊರಿಗೆ ನಮ್ಮ ಮೌಲಾನ್ನ ಕಳಸೂದಿಲ್ಲ!" ಮತ್ತೊಂದರಲ್ಲಿ ನೌಕೆಯವರೆಲ್ಲ ಅರ್ಧಕ್ಕೇ ಸತ್ತು ಬಿದ್ದಿದ್ದರು. ಅದನ್ನು ಮಾವ ತಟ್ಟನೆ ಮುಚ್ಚಿ, ಯಾರಿಗೂ ಸಿಗದಂತೆ ಕಪಾಟಿನ ಹಿಂದಕ್ಕೆ ತುರುಕಿಯೇಬಿಟ್ಟರು.

ನಾನು ತೆಳ್ಳಗಿನದೊಂದು ಹಿಡಿದು, "ಮಾಮಾ, ಇದು ಆಪರೇಶನ್ನಿಗೆ ಮೊದಲ ಮುಗೀತೈತಿ" ಅಂದೆ.

ಸಿಡುಕಿದರು. "ಮುಗಿಸಿ ಏನ್ ಮಾಡ್ತಿ? ನಿನಗ ವ್ಯಾಪಾರ ತಿಳಿಯಂಗಿಲ್ಲ ಬಿಡು."

ಅವರು ಆರಿಸಿದ್ದು ತಲೆದಿಂಬಿನಷ್ಟು ದಪ್ಪದ್ದು!

ನಮ್ಮಲ್ಲಿ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು. ಆಪರೇಶನ್ನಿನ ಹಿಂದಿನ ಭಾನುವಾರ ಮಾವನೇ ಓದುತ್ತಿದ್ದರು. ಆಕಾಶದ ನಡುವೆ ನೌಕೆ ಕೆಟ್ಟು ನಿಂತಿದೆ, ಒಳಗೆ ಗಾಳಿ ಮುಗಿಯುತ್ತ ಬಂದಿದೆ... ಮಾವ ಪಟ್ಟನೆ ಪುಸ್ತಕ ಮುಚ್ಚಿದರು.

"ಲೇ, ಮುಂದ?" ಮೌಲಾಸಾಬರು ಎದ್ದೇ ನಿಂತರು.

"ಮುಂದಿಂದು ನೀ ಹುಬ್ಬಳ್ಳಿಯಿಂದ ಬಂದಮ್ಯಾಲ."

"ನಾ ಬರಲಿಲ್ಲಂದ್ರ?"

"ಹಂಗಾರ ನೌಕ್ಯಾಗಿನವರೂ ಅಲ್ಲೇ ನಿಂತಿರ್ತಾರ. ನಾ ಅಂತೂ ಪುಟ ತಿರುವಾಂವಲ್ಲ."

ಮೌಲಾಸಾಬರು ಬಂದರು! ಬಡಕಲಾಗಿದ್ದರು, ಗೋಡೆ ಹಿಡಿದುಕೊಂಡೇ ಬಂದು ಕುಳಿತು, "ಹೂಂ, ಓದು" ಎಂದರು. ಮಾವ ಪುಸ್ತಕ ತೆರೆದರು. ಇಡೀ ಮಾರುಕಟ್ಟೆಗೆ ಕೇಳುವ ದನಿಯ ಮನುಷ್ಯ ತುಟಿ ಕಚ್ಚಿಕೊಂಡು ಅಳುತ್ತಿದ್ದರು. ಮೌಲಾಸಾಬರು ಮೆಲ್ಲಗೆ ಪುಸ್ತಕವನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು, ಬಿಟ್ಟಲ್ಲಿಂದ ತಾವೇ ಓದತೊಡಗಿದರು.