ಮಿಸ್ಸಜ್ಜಿಯ ಕಲಾಶಾಲೆ

ನಿಮ್ಮ ಸಣ್ಣಜ್ಜಿಗೆ ತಲೆ ನೆಟ್ಟಗಿಲ್ಲ ಎಂದು ಸೊರಬದಲ್ಲಿ ಹೇಳುವವರಿದ್ದಾರೆ. ಮೊಮ್ಮಕ್ಕಳೇ, ಅದನ್ನು ನೀವು ನಂಬಬೇಡಿ. ತಲೆ ನೆಟ್ಟಗೇ ಇದೆ. ಅವಳು ಇರುವ ಊರಿನಲ್ಲಿ ಅದು ಇರುವುದಿಲ್ಲ, ಅಷ್ಟೆ!

ಅವಳು ನಿಮ್ಮ ಅಜ್ಜನ ತಂಗಿ, ನನ್ನ ನಾದಿನಿ. ಕ್ಯಾಸನೂರಿನ ಕಡೆಯ ಸಣ್ಣದೊಂದು ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿ ತಿದ್ದಿಸಿಯೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವಳು. ಮದುವೆಯಾಗಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ, "ಬಂದ ಗಂಡುಗಳಿಗೆ ಒಬ್ರಿಗೂ ಕಾಗುಣಿತ ಬರ್ತಿರ್ಲಿಲ್ಲ" ಎಂದು ಬಾಯಿ ಮುಚ್ಚಿಸುತ್ತಾಳೆ. ನಿವೃತ್ತಿಯ ದಿನ ಶಾಲು ಹೊದ್ದು, ಹಾರ ಹಾಕಿಕೊಂಡು ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳಿದಳು.

"ಅತ್ಗೆ, ನಾನು ಕಾಲೇಜಿಗೆ ಹೋಗ್ತೀನಿ."

"ಎಂತ ಕೆಲಸಕ್ಕೆ?"

"ಕೆಲಸಕ್ಕಲ್ಲ ಮಾರಾಯ್ತಿ, ಓದೋದಕ್ಕೆ!"

ಶಿಕಾರಿಪುರದ ಹೊರಗೆ ವಿಶ್ವವಿದ್ಯಾಲಯದವರ ಕಲಾಶಾಲೆಯೊಂದಿದೆ. ಚಿತ್ರ, ಸಂಗೀತ, ನಾಟಕ, ಕುಣಿತ ಎಲ್ಲವೂ ಒಂದೇ ಅಂಗಳದ ಸುತ್ತ. ಸೇರಲು ವಯಸ್ಸಿನ ಅಡ್ಡಿ ಇಲ್ಲವಂತೆ. ಆ ನಿಯಮ ಬರೆದವರು ನನ್ನ ನಾದಿನಿಯನ್ನು ನೋಡಿರಲಿಲ್ಲ ಎಂದು ಕಾಣುತ್ತದೆ!

ಮೊದಲ ದಿನವೇ ಎಡವಟ್ಟು. ಗಂಟೆ ಹೊಡೆಯಿತು. ಇವಳು ತರಗತಿಗೆ ಹೋದಳು. ಜೀವಮಾನವೆಲ್ಲ ಗಂಟೆ ಹೊಡೆದ ಕೂಡಲೇ ಕಾಲು ಎತ್ತ ಹೋಗುತ್ತಿತ್ತೋ ಅತ್ತಲೇ ಹೋಯಿತು. ನೇರವಾಗಿ ಮೇಷ್ಟ್ರ ಕುರ್ಚಿಗೆ! ನರೆತ ಕೂದಲು, ಇಸ್ತ್ರಿ ಮಾಡಿದ ಸೀರೆ ಕಂಡ ಮಕ್ಕಳು ಎದ್ದು ನಿಂತು ನಮಸ್ಕಾರ ಹೇಳಿದರು. ಇವಳು, "ಕೂತ್ಕೊಳ್ಳಿ" ಎಂದು ಹಾಜರಿ ಕರೆಯತೊಡಗಿದಳು. ಅಷ್ಟರಲ್ಲಿ ಜೀನ್ಸ್ ಹಾಕಿಕೊಂಡ ಒಬ್ಬ ಯುವಕ ಬಾಗಿಲಲ್ಲಿ ಕಾಣಿಸಿಕೊಂಡ.

"ಮೊದಲ ದಿನಾನೇ ಲೇಟೇನೋ? ಹಿಂದೆ ಹೋಗಿ ಕೂತ್ಕೋ."

ಪಾಪ, ಆತ ಹೋಗಿ ಕೂತ. ಅವರೇ ಪಾಠ ಮಾಡಬೇಕಾದ ಮೇಷ್ಟ್ರು! ಅರ್ಧ ಪಾಠ ಮುಗಿದ ಮೇಲೆ ಅವರು ಕೈ ಎತ್ತಿ, "ಮೇಡಂ, ನಾನು ಯಾವಾಗ ಶುರು ಮಾಡ್ಲಿ?" ಎಂದು ಕೇಳಿದರಂತೆ. ಅಂದಿನಿಂದ ಇಡೀ ಕಲಾಶಾಲೆಗೆ ಇವಳು 'ಮಿಸ್ಸಜ್ಜಿ'.

ಸಂಜೆ ಬಸ್ಸಿಳಿದು ಬಂದವಳು ಅಡುಗೆಮನೆಯ ಮಣೆಯ ಮೇಲೆ ಕೂತು ದಿನದ ಕಥೆಯನ್ನೆಲ್ಲ ಹೇಳುತ್ತಿದ್ದಳು. ನಾನು ಕೇಳುವವಳು. ಮಾತಾಡುವುದು ನನ್ನಿಂದಾಗದ ಕೆಲಸ. ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ಬಸ್ಸು ನನ್ನೂರು ದಾಟಿ ಹೋಗುತ್ತಿದ್ದರೂ 'ನಿಲ್ಲಿಸಿ' ಎನ್ನಲು ಬಾಯಿ ಬಾರದೆ, ಮುಂದಿನ ಊರಿನಲ್ಲಿಳಿದು ನಡೆದು ಬಂದವಳು! ಆದರೆ ಅವಳ ಮಾತು ಕೇಳುತ್ತ ಕಣ್ಣು ಅರೆ ಮುಚ್ಚಿದರೆ ಸಾಕು, ನಾನು ಆ ಅಂಗಳದಲ್ಲಿ ಇರುತ್ತಿದ್ದೆ. ಒಂದು ಕೋಣೆಯಿಂದ ತಬಲ, ಇನ್ನೊಂದರಿಂದ ಗೆಜ್ಜೆ. ಎಲ್ಲೋ ಒಬ್ಬ ಹುಡುಗಿ ಒಂದೇ ಸ್ವರವನ್ನು ಹಿಡಿದು, ಮಗುವನ್ನು ತೂಗುವ ಹಾಗೆ ಮೆಲ್ಲಗೆ ತೂಗುತ್ತಿದ್ದಾಳೆ. ಹಸಿ ಮಣ್ಣಿನ ವಾಸನೆ. ಬಣ್ಣ ತೊಳೆದ ನೀರು ನಲ್ಲಿಯ ಕೆಳಗೆ ಒಮ್ಮೆ ನೀಲಿ, ಒಮ್ಮೆ ಹಳದಿಯಾಗಿ ಹರಿಯುತ್ತಿದೆ. ನಾನು ಕಂಬಕ್ಕೊರಗಿ ನಿಂತಿದ್ದೇನೆ, ಯಾರೂ ನನ್ನನ್ನು ನೋಡುತ್ತಿಲ್ಲ...

"ಅತ್ಗೆ, ಹಾಲು ಉಕ್ತಿದೆ!"

ಹೀಗೆ ಆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಉಕ್ಕಿಹೋದ ಹಾಲಿಗೆಲ್ಲ ವಿಶ್ವವಿದ್ಯಾಲಯವೇ ಹೊಣೆ!

ಒಮ್ಮೆ ಚಿತ್ರದ ಮೇಷ್ಟ್ರು ಮೇಜಿನ ಮೇಲೆ ಬಟ್ಟೆ ಹಾಸಿ, ಒಂದು ಮಡಕೆ, ಬಾಳೆಹಣ್ಣು, ಪೇರಲೆಹಣ್ಣು ಜೋಡಿಸಿಟ್ಟು, "ಇದನ್ನು ಚೆನ್ನಾಗಿ ನೋಡಿ ಬರೆಯಿರಿ" ಎಂದು ಹೇಳಿ ಚಹಾ ಕುಡಿಯಲು ಹೋದರು. ಬೆಳಗಿನ ಮೊದಲ ಬಸ್ಸಿಗೆ ತಿಂಡಿ ತಿನ್ನದೆ ಬಂದ ಮಕ್ಕಳು ಹಣ್ಣನ್ನೇ ನೋಡುತ್ತ ಕೂತರು. ಇವಳಿಗೆ ತಡೆಯಲಿಲ್ಲ. ಹಣ್ಣು ಮುಂದಿಟ್ಟು ಮಕ್ಕಳನ್ನು ಸುಮ್ಮನೆ ಕೂರಿಸುವುದು ಯಾವ ಮನೆಯ ಪದ್ಧತಿ? ಎದ್ದವಳೇ ಬಾಳೆಹಣ್ಣು ಸುಲಿದು, ಪೇರಲೆ ಹೆಚ್ಚಿ, ಡಬ್ಬಿಯಿಂದ ಉಪ್ಪು ಖಾರ ತೆಗೆದು ಉದುರಿಸಿ, ಎಲ್ಲರಿಗೂ ಹಂಚಿದಳು. ಮೇಷ್ಟ್ರು ಬಂದು ನೋಡಿದರೆ ಮಡಕೆ ಒಂದೇ ಉಳಿದಿದೆ!

"ಮೇಡಂ, ಅದು ಚಿತ್ರ ಬರೆಯೋದಕ್ಕೆ ಇಟ್ಟಿದ್ದು!"

"ಬರ್ದಿದ್ದೀವಲ್ಲ ಸರ್, ನೋಡಿ. ಸಿಪ್ಪೆ. ನಿಮ್ಮ ಪಾಲು ತೆಗೆದಿಟ್ಟಿದ್ದೀನಿ, ಖಾರ ಸ್ವಲ್ಪ ಜಾಸ್ತಿ ಹಾಕ್ಲಾ?"

ನಾಟಕದ ಕಥೆ ಇದಕ್ಕಿಂತ ಕಷ್ಟದ್ದು. ಕಾಯಿಲೆ ಬಿದ್ದ ಮುದುಕಿಯ ಪಾತ್ರ ಇವಳಿಗೆ. ಕೊನೆಯ ದೃಶ್ಯದಲ್ಲಿ ಸಾಯಬೇಕು. ಅಭ್ಯಾಸದ ದಿನ ಮಂಚದ ಮೇಲೆ ಮಲಗಿದ್ದವಳು ಸಾಯುವ ಹೊತ್ತಿಗೆ ಸರಿಯಾಗಿ ಎದ್ದು ಕೂತಳು.

"ಇವತ್ತು ಸೋಮವಾರ. ಮನೆದೇವರ ವಾರ. ನಾನು ಸಾಯಲ್ಲ."

"ಮೇಡಂ, ಇದು ನಾಟಕ!"

"ನಾಟಕ ಆದ್ರೇನು, ವಾರಾನೂ ನಾಟಕನಾ?"

"ಹೋಗ್ಲಿ, ಮಂಗಳವಾರ ಸಾಯ್ತೀರಾ?"

"ಮಂಗಳವಾರ ಸತ್ರೆ ಮನೆಗೆ ಒಳ್ಳೇದಲ್ಲ."

"ಶುಕ್ರವಾರ?"

"ಲಕ್ಷ್ಮಿ ವಾರ ಕಣಪ್ಪ, ಯಾರಾದ್ರೂ ಸಾಯ್ತಾರಾ?"

ನಿರ್ದೇಶಕ ಹುಡುಗ ಪಂಚಾಂಗ ತಂದು ಎದುರಿಗೆ ಹಿಡಿದ. ಇವಳಿಗೆ ಒಪ್ಪುವ ದಿನವೇ ಸಿಗಲಿಲ್ಲ. ಕಡೆಗೆ ಅವನೇ ಸೋತು ನಾಟಕ ತಿದ್ದಿದ. ಪ್ರದರ್ಶನದ ದಿನ ಮುದುಕಿ ಚೇತರಿಸಿಕೊಂಡು ಎದ್ದು ಓಡಾಡಿದಳು. ಅವಳ ನಾಡಿ ನೋಡಲು ಬಂದಿದ್ದ ಡಾಕ್ಟರು ಸತ್ತರು!

ಇಷ್ಟೆಲ್ಲ ನಗುವಿನ ನಡುವೆ ಅವಳದು ಒಂದು ಹಟವಿತ್ತು. ಕಲಾಶಾಲೆಯ ವಾರ್ಷಿಕ ಉತ್ಸವಕ್ಕೆ ನಾನು ಬರಬೇಕು. ಪ್ರತಿ ವರ್ಷ ಕರೆದಳು. ಪ್ರತಿ ವರ್ಷ ನನಗೆ ಸರಿಯಾಗಿ ಆ ದಿನವೇ ಮಂಡಿ ನೋವು ಬಂತು. ಕಡೆಯ ವರ್ಷ ಅವಳ ತರಗತಿಯವರು ಪರೀಕ್ಷೆಯ ಲೆಕ್ಕಕ್ಕೆ ಅಂಗಳದ ಗೋಡೆಯ ಮೇಲೆ ಹಸೆ ಬರೆಯಬೇಕೆಂದು ಗೊತ್ತಾಯಿತು. ನನಗೆ ಮಂಡಿಯ ಜೊತೆಗೆ ಎದೆಯೂ ನೋಯಿತು.

ಯಾಕೆಂದು ನಿಮಗೆ ಹೇಳಬೇಕು. ನಮ್ಮಲ್ಲಿ ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ನೆನೆಸಿ ಅರೆದ ಬಿಳಿಯಲ್ಲಿ ನಾರಿನ ಕುಂಚ ಅದ್ದಿ ಹಸೆ ಬರೆಯುತ್ತಾರೆ. ಸುತ್ತಲೂ ಸಾಲು ಸಾಲು ಗೆರೆ, ನಡುವೆ ಮದುಮಕ್ಕಳು. ಬರೆದಾದ ಮೇಲೆ ಹಾಡು ಹೇಳಿ ಹೆಣ್ಣನ್ನು ಅದರ ಮುಂದೆ ಕರೆದು ಕೂರಿಸುತ್ತಾರೆ. ಅದು ಮುತ್ತೈದೆಯರ ಕೆಲಸ. ಜನರ ಮುಂದೆ ನಾಲಿಗೆ ಏಳದ ನಾನು ಗೋಡೆಗೆ ಮುಖ ಮಾಡಿ ಕೂತರೆ ಬೇರೆಯವಳೇ ಆಗುತ್ತಿದ್ದೆ. ಗೆರೆಯ ಹಿಂದೆ ಗೆರೆ, ನಿದ್ದೆಯಲ್ಲಿ ನಡೆದ ಹಾಗೆ. ಸುತ್ತಲಿನ ಊರುಗಳಿಂದ ಕರೆಯಲು ಬರುತ್ತಿದ್ದರು. ನಿಮ್ಮ ಅಜ್ಜ ಹೋದ ಮೇಲೆ ಬಿಟ್ಟುಬಿಟ್ಟೆ. ಬಿಡು ಎಂದು ಯಾರೂ ಹೇಳಲಿಲ್ಲ. ಮದುವೆಗೆ ಕರೆಯಲು ಬಂದವರೊಬ್ಬರು ಹಸೆಯ ಮಾತು ಎತ್ತುವ ಮುನ್ನ ಸ್ವಲ್ಪ ತಡೆದರು. ನನಗೆ ಅಷ್ಟು ಸಾಕಾಯಿತು.

ನಾದಿನಿ ಮಾತ್ರ ಬಿಡಲಿಲ್ಲ. "ನೀನು ಬರದಿದ್ರೆ ನಾನು ಪರೀಕ್ಷೆಗೇ ಕೂರಲ್ಲ" ಎಂದಳು. ಅವಳು ಎಳೆಯುವ ಗೆರೆ ನನಗೆ ಗೊತ್ತು. ಸೊರಬದಿಂದ ಹೊರಟದ್ದು ತಾಳಗುಂದಕ್ಕೆ ಹೋಗಿ, ಅಲ್ಲಿ ಊಟ ಮಾಡಿ ವಾಪಸು ಬರುತ್ತದೆ!

"ನೋಡೋದಕ್ಕೆ ಬರ್ತೀನಿ. ಮುಟ್ಟಲ್ಲ."

"ಮುಟ್ಬೇಡ ಮಾರಾಯ್ತಿ. ಕುರ್ಚಿ ಹಾಕಿಸ್ತೀನಿ, ಕೂತಿರು."

ಬಸ್ಸಿನ ಕಿಟಕಿಯಾಚೆ ಗೋವಿನಜೋಳದ ಹೊಲಗಳು ಬೆಳಗಿನ ಮಂಜಿನಲ್ಲಿ ತೇಲುತ್ತಿದ್ದವು. ಕಲಾಶಾಲೆಯ ಗೇಟು ದಾಟಿದರೆ, ಆ ಅಂಗಳ! ನಾನು ಕಣ್ಣು ಮುಚ್ಚಿ ನೋಡಿದ್ದಕ್ಕಿಂತ ಚಿಕ್ಕದು, ಆದರೆ ಅದೇ ತಬಲ, ಅದೇ ಗೆಜ್ಜೆ. "ಬರ್ರಿ ಅಜ್ಜಿ, ಕುಂದರ್ರಿ" ಎಂದು ಶಿಕಾರಿಪುರದ ಹುಡುಗಿಯರು ಸುತ್ತುವರಿದರು. ನಾನು ಸೆರಗು ಬಿಗಿ ಹಿಡಿದು ಕೂತೆ.

ಗೋಡೆ ಮುಗಿಯುತ್ತ ಬಂದಿತ್ತು. ಮಕ್ಕಳು ಬರೆದ ಸಾಲುಗಳು ಚೆನ್ನಾಗಿದ್ದವು. ನನ್ನ ನಾದಿನಿಯ ಸಾಲನ್ನು ಯಾರೂ ತೋರಿಸಬೇಕಾಗಿರಲಿಲ್ಲ! ಆದರೆ ನಡುವೆ, ಮದುಮಕ್ಕಳು ಇರಬೇಕಾದ ಜಾಗದಲ್ಲಿ, ಬರೀ ಕೆಮ್ಮಣ್ಣು.

"ಇದ್ಯಾಕೆ ಖಾಲಿ ಬಿಟ್ಟಿದ್ದೀಯ?"

"ನೀನು ಬರಿ ಅಂತ."

"ಮದುವೆ ಹಸೆ ಅದು. ನಾನು ಮುಟ್ಟಬಾರ್ದು, ನಿಂಗೊತ್ತಲ್ಲ."

ಹಾಸ್ಯವಾಗಿ ಏನಾದರೂ ಹೇಳುತ್ತಾಳೆ ಎಂದುಕೊಂಡೆ. ಅವಳು ನನ್ನ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಮಕ್ಕಳಿಗೆ ಕೇಳಿಸದ ದನಿಯಲ್ಲಿ ಹೇಳಿದಳು:

"ಊರಿನ ಹುಡುಗ್ಯರಿಗೆಲ್ಲ ಬರ್ದುಕೊಟ್ಟೆ ಅತ್ಗೆ. ಪ್ರತಿ ಸಲ ನಾನು ನಿನಗೆ ಅಕ್ಕಿ ಅರ್ದುಕೊಟ್ಟೆ. ನಂಗೂ ಒಂದು ಬೇಕಿತ್ತು."

ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದೆವು. ಅವಳಿಗೆ ಅದು ಬೇಕಿತ್ತೆಂದು ನನಗೆ ತೋಚಿಯೇ ಇರಲಿಲ್ಲ.

ಎದ್ದು ಕುಂಚ ತೆಗೆದುಕೊಂಡೆ.

"ಪಕ್ಕದಲ್ಲಿ ಯಾರನ್ನ ಬರೀಲಿ?"

"ಯಾರಾದ್ರೂ ಆಗ್ಲಿ. ಗೊರಕೆ ಹೊಡೀದವನನ್ನ ಬರಿ."

ಮೊದಲ ಗೆರೆಯನ್ನು ನಾನು ಎಳೆದೆ. ಎರಡನೆಯದು ತನ್ನ ದಾರಿ ತಾನೇ ಹಿಡಿಯಿತು. ಬರೆದು ಮುಗಿಸಿ ತಿರುಗಿದರೆ ಅಂಗಳದ ತುಂಬ ಜನ. ತಬಲ ನಿಂತಿತ್ತು. ಓಡಿಹೋಗಬೇಕೆನ್ನಿಸಿತು. ಆದರೆ ಬರೆದ ಹಸೆಗೆ ಹೆಣ್ಣನ್ನು ಕರೆಯದೆ ಬಿಡುವುದುಂಟೇ? ನಾನು ಅವಳ ಹೆಸರು ಸೇರಿಸಿ ಹಾಡು ಎತ್ತಿದೆ. ಹುಡುಗಿಯೊಬ್ಬಳು ತನ್ನ ದುಪಟ್ಟಾ ತೆಗೆದು ಗೋಡೆಯ ಮುಂದೆ ಹಾಸಿದಳು. ನಿಮ್ಮ ಸಣ್ಣಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನೆಲ ನೋಡುತ್ತ, ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ನನ್ನ ದನಿ ಒಡೆಯಿತು. ಯಾರೂ ನಗಲಿಲ್ಲ. ಅವಳು ಬಂದು ಕೂರುವವರೆಗೆ ನಾನು ಹಾಡು ನಿಲ್ಲಿಸಲಿಲ್ಲ.