ಫ್ಯಾನಿಗೊಂದು ಕುಲಾವಿ

ನಮ್ಮ ಮನೆಯವರ ಲೆಕ್ಕದಲ್ಲಿ ವರ್ಷಕ್ಕೆ ಎರಡೇ ಕಾಲ. ಒಂದು ಚಳಿಗಾಲ, ಇನ್ನೊಂದು ಚಳಿಗಾಲ ಬರುವ ಮುಂಚಿನ ಕಾಲ! ಏಪ್ರಿಲ್ ತಿಂಗಳಲ್ಲಿ ಡಾಂಬರು ಕರಗಿ ಚಪ್ಪಲಿಗೆ ಅಂಟುವಾಗ ಗದಗಿಗೆ ಅಂಟಿಕೊಂಡ ನಮ್ಮ ಬೆಟಗೇರಿಗೆ ಬೆಟಗೇರಿಯೇ ನೆರಳು ಹುಡುಕಿಕೊಂಡು ಓಡಿದರೆ, ಇವರು ಕಟ್ಟೆಯ ಮೇಲೆ ಬಿಸಿಲಿಗೆ ಕಾಲು ಚಾಚಿ ಕುಳಿತು, "ಈಗ ನೋಡು, ಹವಾ ಛಲೋ ಐತಿ" ಎನ್ನುತ್ತಾರೆ. ಇಂಥವರಿಗೆ ಕಾರ್ತಿಕದ ಗಾಳಿ ಹೇಗಿರಬೇಡ, ನೀವೇ ಹೇಳಿ!

ಹೆಸರು ಮಾತ್ರ ಕೇಳಬೇಡಿ. ಗಂಡನ ಹೆಸರು ಹೇಳಬಾರದೆಂಬ ಹಳೆಯ ಪದ್ಧತಿಗೆ ನಾನೇನೂ ಕಟ್ಟುಬಿದ್ದವಳಲ್ಲ. ಆದರೆ ಅವರು ಸರ್ಕಾರಿ ಬಸ್ಸಿನ ಕಂಡಕ್ಟರು. ಗದಗಿನಿಂದ ಶಿರಹಟ್ಟಿ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸಿನಲ್ಲಿ ದಿನವೂ ನಾಲ್ಕು ಮಂದಿಗೆ ಮುಖ ತೋರಿಸಬೇಕಾದವರು. ಮುಖ ಅಂದೆನೇ? ತಪ್ಪಾಯಿತು. ಚಳಿಗಾಲದಲ್ಲಿ ಅವರ ಮುಖದಲ್ಲಿ ಮೂಗೊಂದೇ ಹೊರಗೆ ಕಾಣುವುದು. ಉಳಿದದ್ದೆಲ್ಲ ಮಂಕಿ ಟೊಪ್ಪಿಗೆಯ ಒಳಗೆ.

ಗದಗ ಹೊಸ ಜಿಲ್ಲೆಯಾದಾಗ ನಮ್ಮ ಓಣಿಯಲ್ಲಿ ಪೇಢೆ ಹಂಚಿದರು. ಇನ್ನು ಸಣ್ಣಪುಟ್ಟ ಕೆಲಸಕ್ಕೆಲ್ಲ ಧಾರವಾಡಕ್ಕೆ ಅಲೆಯುವುದು ತಪ್ಪಿತು, ದೊಡ್ಡ ಆಫೀಸುಗಳೆಲ್ಲ ಇಲ್ಲೇ ಬರುತ್ತವೆ ಎಂದು ಎಲ್ಲರೂ ಹಿಗ್ಗಿನಲ್ಲಿದ್ದರು. ಇವರು ಪೇಢೆಯನ್ನು ಬಾಯಿಗೆ ಹಾಕಿಕೊಂಡು, "ಎಲ್ಲಾ ಖರೆ, ಜಿಲ್ಲಾ ಆದ್ರ ಥಂಡಿ ಏನರ ಕಡಿಮಿ ಆಗತೈತೇನು?" ಎಂದು ಕೇಳಿದರು. ಪೇಢೆ ಹಂಚಲು ಬಂದವನು ಪೆಟ್ಟಿಗೆ ಮುಚ್ಚಿಕೊಂಡು ಮುಂದಿನ ಮನೆಗೆ ಹೋದ.

ನಮ್ಮ ಮನೆಯಲ್ಲಿ ದೀಪಾವಳಿಯ ಪಣತಿಗಳನ್ನು ಎತ್ತಿಟ್ಟ ಮರುದಿನ ಇನ್ನೊಂದು ಹಬ್ಬವಿದೆ. ಅಂದು ಇವರು ಸ್ಟೂಲು ಹತ್ತಿ ಮಲಗುವ ಕೋಣೆಯ ಫ್ಯಾನಿಗೆ ಬಟ್ಟೆ ತೊಡಿಸುತ್ತಾರೆ. ನನ್ನ ಹಳೆಯ ಲಂಗವೊಂದನ್ನು ಕತ್ತರಿಸಿ ಅವರೇ ಕೈಯಾರೆ ಹೊಲಿದದ್ದು. ಮೂರು ರೆಕ್ಕೆಗೂ ಒಂದೊಂದು ತೋಳು, ನಡುವೆ ಬಿಗಿಯಲು ಲಾಡಿ. ಥೇಟ್ ಕೂಸಿನ ತಲೆಗೆ ಕಟ್ಟುವ ಕುಲಾವಿ! ಯುಗಾದಿಯವರೆಗೆ ಅದನ್ನು ಬಿಚ್ಚುವ ಮಾತಿಲ್ಲ.

"ಅಲ್ರೀ, ಫ್ಯಾನ್ ಹಚ್ಚದಿದ್ರ ಆತು. ಅದಕ್ಯಾಕ ಕುಲಾವಿ?" ಎಂದು ಮದುವೆಯಾದ ಹೊಸತರಲ್ಲಿ ಕೇಳಿದ್ದೆ.

"ಅದನ್ನ ನೋಡಿದ್ರನ ನನಗ ಥಂಡಿ ಹತ್ತತೈತಿ," ಎಂದಿದ್ದರು.

ಬೆಳಗಿನ ಪಾಳಿ ಇದ್ದಾಗಿನ ಸಡಗರವನ್ನು ನೀವು ನೋಡಬೇಕು. ಅವರ ಖಾಕಿ ಅಂಗಿಯನ್ನು ಹಿಂದಿನ ದಿನ ಇಸ್ತ್ರಿ ಮಾಡಿಟ್ಟರೆ ಆಗುವುದಿಲ್ಲ. ಅವರು ಬಚ್ಚಲಿನಿಂದ ಹೊರಬೀಳುವ ಹೊತ್ತಿಗೆ ಸರಿಯಾಗಿ ಮಾಡಬೇಕು. ಅಂಗಿಯ ಸುಕ್ಕು ಹೋಗಲಿ ಬಿಡಲಿ, ಅವರಿಗೆ ಬೇಕಾದದ್ದು ಅದರ ಬಿಸಿ! ಬಿಸಿ ಆರುವುದರೊಳಗೆ ಅಂಗಿ ತೊಟ್ಟು, ಅದರ ಮೇಲೆ ಒಂದು ಸ್ವೆಟರು, ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರು, ಕೊರಳಿಗೆ ಮಫ್ಲರು. ರೊಕ್ಕದ ಚೀಲ ಎರಡು ಸ್ವೆಟರುಗಳ ನಡುವೆ. ಯಾಕೆಂದರೆ ಥಂಡಿಗೆ ಬಿಟ್ಟ ಚಿಲ್ಲರೆಯನ್ನು ಮುಟ್ಟಿದರೆ ಬೆರಳು ಸೆಟೆದುಕೊಳ್ಳುತ್ತವಂತೆ. ಶಿರಹಟ್ಟಿಗೆ ಹೋಗುವ ಮುದುಕಿಯೊಬ್ಬಳಿಗೆ ಇವರು ಸ್ವೆಟರಿನೊಳಗೆ ಕೈ ಹಾಕಿ ತಡಕಾಡಿ ಚಿಲ್ಲರೆ ತೆಗೆದು ಕೊಡುವಷ್ಟರಲ್ಲಿ ಶಿರಹಟ್ಟಿಯೇ ಬಂದಿರುತ್ತದೆ.

ಇನ್ನು ಬಸ್ಸಿನ ಕಿಟಕಿಗಳ ಕಥೆ. ಬೇರೆ ಕಂಡಕ್ಟರುಗಳು "ಟಿಕೆಟ್, ಟಿಕೆಟ್" ಎಂದು ಬರುತ್ತಾರಷ್ಟೆ? ಇವರು "ಖಿಡಕಿ, ಖಿಡಕಿ" ಎಂದು ಬರುತ್ತಾರೆ. ಕಿಟಕಿ ಹಾಕಿದವರಿಗೇ ಮೊದಲು ಟಿಕೆಟ್ಟು. ಹಳೆಯ ಬಸ್ಸಿನಲ್ಲಿ ಕೆಲವು ಗಾಜು ಸರಿಯುವುದೇ ಇಲ್ಲ. ಅಂಥ ಸಂದಿಗೆ ತುರುಕಲು ಹಳೆಯ ಪೇಪರು ಮನೆಯಿಂದಲೇ ಒಯ್ಯುತ್ತಾರೆ. ಎಲ್ಲ ಮುಗಿಸಿ ಮುಂದೆ ಹೋಗಿ ಡ್ರೈವರನ ಪಕ್ಕ, ಬಿಸಿ ಬಿಸಿ ಇಂಜಿನ್ನಿನ ಮುಚ್ಚಳದ ಮೇಲೆ ಕುಳಿತುಬಿಡುತ್ತಾರೆ. ಕುಳಿತವರು ನಿಲ್ಲಿಸು, ಬಿಡು ಎಂದು ಸುಮ್ಮನೆ ಬಾಯಲ್ಲಿ ಹೇಳಬಾರದೇ? ಇಲ್ಲ! ಡ್ರೈವರನ ಕಿವಿಯ ಹತ್ತಿರವೇ ಪೀಪಿ ಊದುತ್ತಾರೆ.

"ಯಣ್ಣಾ, ಕಿವಿ ಹೋಗ್ಯಾವೋ ನನ್ನವು. ನೀ ಹಿಂದ ಹೋಗಿ ಕುಂಡ್ರೋ," ಎಂದು ಡ್ರೈವರ ಬೇಡಿಕೊಳ್ಳುತ್ತಾನಂತೆ.

"ಹಿಂದ ಥಂಡಿ ಐತಿ. ನೀ ಕಿವ್ಯಾಗ ಹತ್ತಿ ಇಟ್ಕೋ. ನಿನಗೂ ಬೆಚ್ಚಗ ಆಗತೈತಿ," ಎನ್ನುತ್ತಾರಂತೆ ಇವರು.

ಒಂದು ಸಲ ಕೆಲವು ತಿಂಗಳು ಮುಂಡರಗಿ ರೂಟು ಹಾಕಿದರು. ಆಗಷ್ಟೇ ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ಎದ್ದು ನಿಂತಿದ್ದವು. ಮೊದಲ ದಿನ ಇವರು ಮನೆಗೆ ಬಂದವರೇ ಚಹಾ ಕೂಡ ಕೇಳದೆ ತಲೆಯ ಮೇಲೆ ಕೈ ಹೊತ್ತು ಕುಳಿತರು. "ನಾ ಮನ್ಯಾಗಿನ ಒಂದು ಫ್ಯಾನಿಗೆ ಕುಲಾವಿ ಕಟ್ಟಿ ಏನ್ ಉಪಯೋಗ? ಗುಡ್ಡದ ಮ್ಯಾಲೆ ಅಷ್ಟಷ್ಟು ದೊಡ್ಡು ಫ್ಯಾನ್ ಹಚ್ಚಿ ಬಿಟ್ಟಾರ. ಅದಕ್ಕನ ಈ ವರ್ಷ ಗದಗದಾಗ ಥಂಡಿ ಜಾಸ್ತಿ!" ಅವು ಗಾಳಿ ಬಿಡುವುದಿಲ್ಲ, ಬಂದ ಗಾಳಿಗೆ ತಿರುಗಿ ಕರೆಂಟು ಮಾಡುತ್ತವೆ ಎಂದು ನಾನು ವಿವರಿಸಿದೆ. ತಲೆಯಾಡಿಸಿದರು, ನಂಬಲಿಲ್ಲ. ಆ ರೂಟು ಬದಲಾಗುವವರೆಗೂ ಆ ಗುಡ್ಡದ ಕಡೆ ಬೆನ್ನು ಮಾಡಿಯೇ ಟಿಕೆಟ್ಟು ಹರಿದರು.

ಲಕ್ಷ್ಮೇಶ್ವರದಲ್ಲಿ ನನ್ನ ಅಕ್ಕ ಇದ್ದಾಳೆ. ಬಾಯಿ ಸ್ವಲ್ಪ ಜೋರು, ಮನಸ್ಸು ಬೆಣ್ಣೆ. ಒಂದು ಜನವರಿಯಲ್ಲಿ ಅವಳೇ ಹಟ ಹಿಡಿದು ನಮ್ಮನ್ನೆಲ್ಲ ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಹಕ್ಕಿ ನೋಡಲು ಕರೆದೊಯ್ದಳು. ಹಿಮ ಬೀಳುವ ದೇಶಗಳಿಂದ ಸಾವಿರಾರು ಬಾತುಗಳು ಬಂದು ನೀರಿನಲ್ಲಿ ಹಾಯಾಗಿ ತೇಲುತ್ತಿದ್ದವು. ದಂಡೆಯ ಮೇಲೆ ಇವರು ಎರಡು ಸ್ವೆಟರು, ಮಂಕಿ ಟೊಪ್ಪಿಗೆ, ಕೈಗೂ ಕಾಲುಚೀಲ ಹಾಕಿಕೊಂಡು ನಿಂತಿದ್ದರು. ಕಾವಲಿನವನು ಹತ್ತಿರ ಬಂದು ಬಹಳ ಮರ್ಯಾದೆಯಿಂದ, "ಸಾಹೇಬ್ರು ಭಾಳ ದೂರದಿಂದ ಬಂದಂಗ ಕಾಣತೈತಿ. ಯಾವ ದೇಶರೀ?" ಎಂದ.

"ಬೆಟಗೇರಿ," ಎಂದರು ಇವರು.

ಅಕ್ಕ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. "ನೋಡ್ರಿ, ಥಂಡಿ ತಾಳಲಾರದ ಅವು ಇಲ್ಲಿಗೆ ಬಂದಾವ. ಅವಕ್ಕ ನಮ್ಮೂರು ಬೆಚ್ಚಗ ಐತಿ. ನಿಮಗೊಬ್ಬರಿಗೆ ಏನಾಗೇತಿ?"

ಇವರು ನೀರಿನಲ್ಲಿ ಮುಳುಗೇಳುತ್ತಿದ್ದ ಬಾತೊಂದನ್ನು ನೋಡಿ ನಡುಗುತ್ತ, "ಅವಕ್ಕೇನ್ರಿ ಅಕ್ಕಾರ, ಮೈತುಂಬ ಪುಚ್ಚ ಅದಾವ. ನನಗೆಲ್ಲಿ ಅದಾವ?" ಎಂದರು.

ಇಷ್ಟು ದಿನ ಇದೆಲ್ಲ ನಗುವ ಮಾತಾಗಿಯೇ ನಡೆದಿತ್ತು. ನನಗೆ ನಲವತ್ತೆಂಟು ತುಂಬಿದ ವರ್ಷ ಮಾತ್ರ ನಗುವುದು ಕಷ್ಟವಾಯಿತು. ಮುಟ್ಟು ನಿಲ್ಲುವ ಕಾಲ. ಸುಮ್ಮನೆ ಕುಳಿತಾಗ, ಮಲಗಿದಾಗ, ಒಮ್ಮೆಲೇ ಎದೆಯಿಂದ ಝಳ ಎದ್ದು ಕೊರಳಿಗೆ, ಕಿವಿಗೆ, ನೆತ್ತಿಗೆ ಏರುತ್ತಿತ್ತು. ರವಿಕೆ ತೊಯ್ದು ತೊಪ್ಪೆ. ಮತ್ತೆ ಯಾವಾಗ ಬರುತ್ತದೋ ಎಂದು ಹೆದರಿಕೆ. ಅಕ್ಕನಿಗೆ ಫೋನಿನಲ್ಲಿ ಹೇಳಿದರೆ, "ನನಗೂ ಹಂಗ ಆಗಾಕತ್ತೇತಿ. ಎಲ್ಲಾ ಹೆಂಗಸರಿಗೂ ಬರೂದ ಇದು," ಎಂದಳು.

ಮಲಗುವ ಕೋಣೆಯಲ್ಲಿ ಕಿಟಕಿ ಬಂದ್, ಬಾಗಿಲ ಸಂದಿಗೆ ಗೋಣಿತಾಟು, ಫ್ಯಾನಿಗೆ ಕುಲಾವಿ. ನನ್ನ ಪಕ್ಕದಲ್ಲಿ ಎರಡು ಕೌದಿ ಹೊದ್ದು ನಡುಗುವ ಗಂಡ, ಅವರ ಪಕ್ಕದಲ್ಲಿ ಬೇಯುತ್ತಿರುವ ನಾನು. ಒಂದೇ ಹಾಸಿಗೆಯಲ್ಲಿ ಎರಡು ಋತು! ಇಷ್ಟು ವರ್ಷ ಸಂಸಾರ ಮಾಡಿದವಳು ಬಾಯಿಬಿಟ್ಟು ಹೇಳಬಾರದಾಗಿತ್ತೇ ಎನ್ನುತ್ತೀರಿ. ನಮ್ಮ ಮನೆಗಳಲ್ಲಿ ಇಂಥ ಮಾತು ಗಂಡಸರ ಎದುರು ಬರುವುದಿಲ್ಲ. ನಾಲಿಗೆಯ ತುದಿಗೆ ಬಂದದ್ದು ಹಾಗೇ ಹಿಂದೆ ಹೋಗುತ್ತಿತ್ತು. ಅದಕ್ಕೇ ಒಂದು ದಿನ, "ರೀ, ಸೊಳ್ಳಿ ಭಾಳ ಆಗ್ಯಾವ. ಕುಲಾವಿ ಬಿಚ್ಚಿ ಒಂದೀಟು ಫ್ಯಾನ್ ಹಚ್ರಿ," ಎಂದು ಸುಳ್ಳು ಹೇಳಿದೆ.

ಮರುದಿನವೇ ಇವರು ಪೇಟೆಯಿಂದ ಸೊಳ್ಳೆ ಪರದೆ ತಂದರು! ದಪ್ಪ ನೂಲಿನದು, ಒತ್ತಾದ ನೇಯ್ಗೆ. ನಾಲ್ಕೂ ಮೂಲೆಗೆ ಕಟ್ಟಿ, ಅಂಚನ್ನು ಗಾದಿಯ ಕೆಳಗೆ ತುರುಕಿ, ಒಳಗೆ ಕುಳಿತು ಕೈ ಉಜ್ಜಿಕೊಂಡರು. "ಇಷ್ಟು ವರ್ಷ ಈ ಶಾಣ್ಯಾತನ ನನಗ ಯಾಕ ಹೊಳೀಲಿಲ್ಲ? ಸೊಳ್ಳಿನೂ ಬರೂದಿಲ್ಲ, ಗಾಳಿನೂ ಬರೂದಿಲ್ಲ. ಬಾ ಒಳಗ, ಭಾರಿ ಬೆಚ್ಚಗ ಐತಿ!" ನಾನು ಹೇಳಿದ ಸುಳ್ಳು ನನಗೇ ಉರುಳಾಯಿತು. ಫೋನಿನಲ್ಲಿ ಅಕ್ಕನಿಗೆ ಈ ಸೊಳ್ಳೆಯ ಕಥೆಯನ್ನೂ ಹೇಳಿಕೊಂಡೆ.

ತಡೆಯಲಾರದೆ ನಾನು ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಬಂದೆ. ಅಲ್ಲಿ ಬಾಗಿಲ ಕೆಳಗಿನಿಂದ ತುಸು ಗಾಳಿ ಬರುತ್ತದೆ. ಮದುವೆಯಾದ ಮೇಲೆ ಒಂದೇ ಮನೆಯಲ್ಲಿದ್ದು ಬೇರೆ ಬೇರೆ ಮಲಗಿದ್ದು ಅದೇ ಮೊದಲು. ಮೊದಲು ಇವರು ನಕ್ಕರು. ಆಮೇಲೆ ಮಾತು ಕಡಿಮೆಯಾಯಿತು. ಒಂದು ಬೆಳಿಗ್ಗೆ ನಾನು ಅಂಗಿಗೆ ಇಸ್ತ್ರಿ ಮಾಡುತ್ತಿದ್ದಾಗ ಬಾಗಿಲಲ್ಲಿ ನಿಂತು, "ನನ್ನ ಥಂಡಿ ಕಾಟಕ್ಕ ಬ್ಯಾಸತ್ತಿ ಅಲ್ಲ ನೀ?" ಎಂದರು. ದನಿಯಲ್ಲಿ ತಮಾಷೆ ಇರಲಿಲ್ಲ. ನಾನು ಇಲ್ಲ ಎಂದೆ. ಯಾಕೆ ಎಂದು ಹೇಳಲಾಗಲಿಲ್ಲ. ಅಂದು ಅವರು ಅಂಗಿಯ ಬಿಸಿ ಆರಿದ ಮೇಲೆ ತೊಟ್ಟುಕೊಂಡು ಹೋದರು.

ಅದೇ ವಾರ ಅಕ್ಕ ಏನೋ ಕೆಲಸಕ್ಕೆಂದು ಲಕ್ಷ್ಮೇಶ್ವರದಿಂದ ಗದಗಿಗೆ ಹೊರಟಳು. ಹತ್ತಿದ್ದು ಇವರದೇ ಬಸ್ಸು. ಊರು ದಾಟುವಷ್ಟರಲ್ಲಿ ಅವಳಿಗೆ ಝಳ ಎದ್ದಿತು. ಪಕ್ಕದ ಗಾಜನ್ನು ಪೂರಾ ಸರಿಸಿ ತಲೆ ಹೊರಗೆ ಹಾಕಿದಳಂತೆ. ಇವರು ಓಡಿ ಬಂದು, "ಅಕ್ಕಾರ, ಖಿಡಕಿ ಹಾಕ್ರಿ, ಖಿಡಕಿ!" ಎಂದರಂತೆ.

ಅಕ್ಕನ ಬಾಯಿ ಗೊತ್ತಲ್ಲ. "ಹಾಕೂದಿಲ್ಲ! ಮೈಯಾಗ ಬೆಂಕಿ ಎದ್ದೇತಿ ನನಗ. ಈ ವಯಸ್ಸಿನ್ಯಾಗ ಹೆಂಗಸರಿಗೆ ಹಿಂಗ ಆಗತೈತಿ. ನಿಮ್ಮ ಮನ್ಯಾಗ ನನ್ನ ತಂಗಿಗೂ ಹಂಗ ಆಗೇತಿ, ಖಬರ ಐತೇನು ನಿಮಗ? ಸೊಳ್ಳಿ ಅಲ್ಲರೀ, ಮಣ್ಣೂ ಅಲ್ಲ!" ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿಬಿಟ್ಟಳಂತೆ.

ಇದನ್ನೆಲ್ಲ ಗದಗಿನಲ್ಲಿ ಇಳಿದ ಕೂಡಲೇ ನನಗೆ ಫೋನು ಮಾಡಿ ಹೇಳಿದವಳೂ ಅವಳೇ. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. "ಆಮ್ಯಾಲೆ ಅವರು ಏನಂದ್ರು?" ಎಂದು ಕೇಳಿದೆ.

"ಅನ್ನೂದೇನು? ಎದುರಿನ ಖಿಡಕಿನೂ ತಾವಽ ತಗದ್ರು. ಗದಗ ಬರೂತನಕ ನನ್ನ ಬಾಜೂನ ಕುಂತು ನಡುಗಿದ್ರು ನೋಡು, ಮುಂದ ಹೋಗಲಿಲ್ಲ," ಎಂದಳು ಅಕ್ಕ. ಅವಳ ದನಿಯೂ ಮೆತ್ತಗಾಗಿತ್ತು.

ಅಂದು ಮಧ್ಯಾಹ್ನ, ಪಾಳಿ ಮುಗಿಸಿ ಇವರು ಮನೆಗೆ ಬಂದರು. ನಾನು ತಲೆ ಎತ್ತದೆ ರೊಟ್ಟಿ ಬಡಿಸಿದೆ, ಅವರು ತಲೆ ಎತ್ತದೆ ಉಂಡರು. ಕೈ ತೊಳೆದವರೇ ಸ್ಟೂಲು ತಂದು ಹತ್ತಿ ಕುಲಾವಿಯ ಲಾಡಿ ಬಿಚ್ಚತೊಡಗಿದರು. ಯುಗಾದಿ ಇನ್ನೂ ಎಷ್ಟೋ ದೂರವಿತ್ತು. ಬಿಚ್ಚಿದ್ದನ್ನು ನನ್ನ ಕೈಗೆ ಕೊಟ್ಟು, "ಇದನ್ನ ನೆಲ ಒರಸೂ ಅರಿವಿ ಮಾಡು," ಎಂದರು. ಸೊಳ್ಳೆ ಪರದೆ ಇಳಿಸಿ ಮಡಚಿಟ್ಟರು. ಕಿಟಕಿ ತೆರೆದರು. ಪಡಸಾಲೆಗೆ ಹೋಗಿ ನನ್ನ ಹಾಸಿಗೆಯನ್ನು ತಾವೇ ಹೊತ್ತು ತಂದು, ಮೊದಲು ಇದ್ದ ಜಾಗದಲ್ಲಿ ಹಾಸಿದರು. ರಾತ್ರಿ ನಾನು ಹೋಗಿ ಅಲ್ಲೇ ಮಲಗಿದೆ. ಇವರು ಮಂಕಿ ಟೊಪ್ಪಿಗೆಯನ್ನು ಕಿವಿಯ ಕೆಳಗೆ ಎಳೆದುಕೊಂಡು ಫ್ಯಾನಿನ ಗುಂಡಿಯ ಹತ್ತಿರ ನಿಂತರು.

"ನೀ ಅಂದದ್ದು ಖರೆ. ಸೊಳ್ಳಿ ಭಾಳ ಆಗ್ಯಾವ ಈ ಮನ್ಯಾಗ," ಎಂದರು.

ಬಾಯಿಗೆ ಬಾರದ ನನ್ನ ಸಂಕೋಚವನ್ನು ಅವರು ಹಾಗೇ ಮುಚ್ಚಿಟ್ಟು ಕಾಪಾಡಿದರು. ನನಗೆ ಕಣ್ಣು ತುಂಬಿ ಬಂತು. ಗೋಡೆಯ ಕಡೆ ಮುಖ ಮಾಡಿಕೊಂಡು, "ಒಂದರಾಗ ಇಡ್ರಿ, ಸಾಕು," ಎಂದೆ.

"ಒಂದಕ್ಕ ಎಲ್ಲಿ ಸೊಳ್ಳಿ ಹೋಗತಾವ?" ಎಂದು ಅದನ್ನು ಮೂರಕ್ಕೆ ತಿರುಗಿಸಿ, ಎರಡೂ ಕೌದಿಗಳನ್ನು ತಲೆಯ ಮೇಲೆ ಎಳೆದುಕೊಂಡು ನನ್ನ ಪಕ್ಕದಲ್ಲಿ ಮಲಗಿದರು. ಫ್ಯಾನು ತಿರುಗಿತು. ಕೌದಿಯ ಒಳಗಿನಿಂದ ಅವರ ಹಲ್ಲು ಕಟಕಟ ಎನ್ನುವುದು ಕೇಳುತ್ತಲೇ ಇತ್ತು.